ಬೆಳ್ಳಿಗೆ ಬೆರೆತ ಚಿಟಿಕೆ

1931ರಲ್ಲಿ ಫ್ರಾನ್ಸಿನ ತಿಯೊಡೋರ್ ಲೆಫೋರ್ ಎಥಿಲೀನ್ ಅನಿಲವನ್ನು ಬಿಸಿ ಬೆಳ್ಳಿಯ ಮೇಲೆ ಹಾಯಿಸಿ, ಆಮ್ಲಜನಕದೊಡನೆ ನೇರವಾಗಿ ಕೂಡಿಸಿ ಎಥಿಲೀನ್ ಆಕ್ಸೈಡ್ ಪಡೆದರು. ಅಲ್ಲಿಯವರೆಗೆ ಅದನ್ನು ಕ್ಲೋರಿನ್ನಿನ ಸುತ್ತುದಾರಿಯಲ್ಲಿ ತಯಾರಿಸುತ್ತಿದ್ದರು. 1937ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯೂ ಬೆಳ್ಳಿಯ ದಾರಿ ಹಿಡಿಯಿತು. ಇಂದು ಪಾಲಿಯೆಸ್ಟರ್ ಬಟ್ಟೆಗೂ ಕಾರಿನ ಕೂಲಂಟಿಗೂ ಬೇಕಾದ ಗ್ಲೈಕಾಲ್ ಬಹುಪಾಲು ಹುಟ್ಟುವುದು ಈ ಆಕ್ಸೈಡಿನಿಂದ. ಇದರ ಕೀರ್ತಿಯೆಲ್ಲ ವೇಗವರ್ಧಕವಾದ ಬೆಳ್ಳಿಗೆ ಸಂದಿದೆ. ಅದು ಅರ್ಧ ನ್ಯಾಯವಷ್ಟೇ. ಬರಿಯ ಬೆಳ್ಳಿಯ ಮೇಲೆ ಎಥಿಲೀನಿನ ಸುಮಾರು ಅರ್ಧಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಉರಿದುಹೋಗುತ್ತದೆ. ಆ ನಷ್ಟವನ್ನು ತಡೆದದ್ದು ಪ್ರಮೋಟರ್ ಎಂಬ ಅಲ್ಪಪ್ರಮಾಣದ ಬೆರಕೆಗಳು.

ಮೊದಲು ಬಂದದ್ದು ಕ್ಲೋರಿನ್. ಅನಿಲದ ಹರಿವಿಗೆ ಅತ್ಯಲ್ಪ ಕ್ಲೋರಿನ್ ಸಂಯುಕ್ತ ಸೇರಿಸಿದರೆ ಉರಿಯುವಿಕೆ ತಗ್ಗುತ್ತದೆ. ಹೆಚ್ಚಾದರೆ ಬೆಳ್ಳಿಯೇ ನಿಷ್ಕ್ರಿಯವಾಗುತ್ತದೆ. ಹಾಗಾದರೆ ಅದು ವಿಷವಲ್ಲವೆ ಎಂದು ಕೇಳಬಹುದು. ಕ್ಲೋರಿನ್ ಒಟ್ಟು ಕ್ರಿಯೆಯನ್ನು ನಿಧಾನಗೊಳಿಸುವುದು ನಿಜ. ಆದರೆ ಬೇಕಾದ ಕ್ರಿಯೆಗಿಂತ ಬೇಡದ ಕ್ರಿಯೆಯನ್ನು ಹೆಚ್ಚು ನಿಧಾನಗೊಳಿಸುತ್ತದೆ. ಲಾಭ ಇರುವುದು ಈ ಅಂತರದಲ್ಲಿ. ಮುಂದೆ ಬಂದ ಸೀಸಿಯಂ ಮಾಡಿದ ಕೆಲಸಗಳಲ್ಲಿ ಒಂದು ಇನ್ನೂ ಸೂಕ್ಷ್ಮವಾದದ್ದು. ಬೆಳ್ಳಿಯನ್ನು ಹೊತ್ತ ಬಿಳಿ ಅಲ್ಯೂಮಿನಾ ಉಂಗುರಗಳ ಮೈಮೇಲೆ ಅಲ್ಲಲ್ಲಿ ಆಮ್ಲೀಯ ತಾಣಗಳಿರುತ್ತವೆ. ಅಲ್ಲಿ ತಯಾರಾದ ಆಕ್ಸೈಡೇ ರೂಪ ಬದಲಿಸಿ ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಉರಿದುಹೋಗುತ್ತದೆ. ಸೀಸಿಯಂ ಆ ತಾಣಗಳ ಆಮ್ಲಗುಣವನ್ನು ತಣಿಸುತ್ತದೆ.

ಪ್ರಮೋಟರುಗಳು ಇರುವ ಗುಣವನ್ನು ತಿದ್ದಬಲ್ಲವೇ ಹೊರತು ಮಿತಿಯನ್ನು ದಾಟಿಸಲಾರವು ಎಂಬ ಆಕ್ಷೇಪಕ್ಕೆ ಒಂದು ಕಾಲದಲ್ಲಿ ಗಟ್ಟಿ ಲೆಕ್ಕದ ಬೆಂಬಲವಿತ್ತು. ಆಮ್ಲಜನಕದ ಇಡೀ ಅಣುವೇ ಎಥಿಲೀನಿಗೆ ಒಂದು ಪರಮಾಣು ಕೊಡುತ್ತದೆ, ಉಳಿದ ಪರಮಾಣು ಉರಿಸುವುದಕ್ಕಷ್ಟೇ ಲಾಯಕ್ಕು ಎಂದು ನಂಬಿದ್ದರು. ಆರು ಅಣು ಎಥಿಲೀನ್ ಆಕ್ಸೈಡ್ ಆದಾಗ ಉಳಿಯುವ ಆರು ಪರಮಾಣುಗಳು ಏಳನೆಯ ಎಥಿಲೀನನ್ನು ಸುಡುತ್ತವೆ. ಅಂದರೆ ಏಳಕ್ಕೆ ಆರು, ಶೇ. 85.7, ಅದರಾಚೆಗೆ ದಾರಿಯಿಲ್ಲ. ಲೆಕ್ಕ ಸರಿಯಾಗಿತ್ತು, ಊಹೆ ತಪ್ಪಾಗಿತ್ತು. ಒಂಟಿ ಪರಮಾಣುವೇ ಆಕ್ಸೈಡನ್ನು ಕಟ್ಟಬಲ್ಲದು ಎಂದು 1980ರ ದಶಕದ ಮೇಲ್ಮೈ ಪ್ರಯೋಗಗಳು ತೋರಿದವು. ಅದೇ ದಶಕದಲ್ಲಿ ಸೀಸಿಯಂ ಜೊತೆಗೆ ರೀನಿಯಂ ಕೂಡಿದ ಬೆಳ್ಳಿ ಆ ಗಡಿಯನ್ನು ದಾಟಿತು, ಈಗ ಶೇ. 90ರ ಆಸುಪಾಸಿನ ಫಲ ಸಿಗುತ್ತದೆ. ಬೆಳ್ಳಿಯಿಲ್ಲದೆ ಈ ಬೆರಕೆಗಳಿಂದ ಏನೂ ಆಗದು, ಒಪ್ಪುವ ಮಾತೇ. ಆದರೆ ಅರ್ಧಪಾಲು ಸುಟ್ಟುಹಾಕುತ್ತಿದ್ದ ಲೋಹದಿಂದ ಹತ್ತರಲ್ಲಿ ಒಂಬತ್ತು ಪಾಲು ಫಲ ತೆಗೆಸಿದ್ದು ಅತ್ಯಲ್ಪ ಕ್ಲೋರಿನ್ ಮತ್ತು ಹತ್ತು ಲಕ್ಷಕ್ಕೆ ಕೆಲವು ನೂರು ಭಾಗದಷ್ಟು ಸೀಸಿಯಂ, ರೀನಿಯಂ.