ಎಲ್ಲ ಊರಿಗೂ ಒಂದೇ ಪುಸ್ತಕ

ಕಳೆದ ತಿಂಗಳು ಮೊಮ್ಮಗಳು ನಮಗಾಗಿ ಕಾಶಿಗೆ ಹೋಗಿಬರುವ ರೈಲು ಟಿಕೆಟುಗಳನ್ನು ಮೊಬೈಲಿನಲ್ಲಿ ಕಾಯ್ದಿರಿಸಿದಳು. ಊಟ ಮುಗಿಸಿ ನಾನು ಕೈ ತೊಳೆದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಆಗ 1981ರ ಡಿಸೆಂಬರಿನ ನಮ್ಮ ಶಾಲಾ ಪ್ರವಾಸ ನೆನಪಾಯಿತು. ಅಂದು ನನ್ನೊಡನೆ ಬಂದ 38 ಮಕ್ಕಳಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು.

ಆ ಕಾಲದಲ್ಲಿ ರೈಲಿನ ಆಸನಗಳ ಲೆಕ್ಕವೆಲ್ಲ ದಪ್ಪ ರಿಜಿಸ್ಟರುಗಳಲ್ಲಿರುತ್ತಿತ್ತು. ದೂರದ ಊರಿನಿಂದ ಹಿಂದಿರುಗುವ ಟಿಕೆಟು ಬೇಕೆಂದರೆ ಆ ಊರಿಗೆ ತಂತಿ ಕಳುಹಿಸಿ ಉತ್ತರಕ್ಕಾಗಿ ಕಾಯಬೇಕಿತ್ತು. ನಮಗೆ ಉತ್ತರವೇನೋ ಬಂದಿತು, ಆದರೆ ದೊರೆತದ್ದು 22 ಬರ್ತುಗಳು ಮಾತ್ರ. ಮಕ್ಕಳು ಇಬ್ಬಿಬ್ಬರಾಗಿ ಮಲಗಿದರು. ಉಪಾಧ್ಯಾಯರು ಮೂವರೂ ಬಾಗಿಲ ಬಳಿ ಟ್ರಂಕುಗಳ ಮೇಲೆ ಕುಳಿತೆವು. ನಿದ್ದೆ ಬಾರದೆ ಎದ್ದುಬಂದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಎಲ್ಲ ಊರಿಗೂ ಸೇರಿ ಒಂದೇ ಪುಸ್ತಕ ಇಟ್ಟರೆ ಆಗೋದಿಲ್ವಾ?" ನಾನು ನಕ್ಕುಬಿಟ್ಟೆ.

ನಗಬಾರದಿತ್ತು. 1980ರ ದಶಕದ ನಡುವಿನಲ್ಲಿ ನವದೆಹಲಿಯಲ್ಲಿ ಗಣಕೀಕೃತ ಮುಂಗಡ ಟಿಕೆಟ್ ವ್ಯವಸ್ಥೆ ಆರಂಭವಾಯಿತು. ಅದನ್ನು ರೂಪಿಸಿದ್ದು ಅಂದು ಸರ್ಕಾರಿ ಸ್ವಾಮ್ಯದಲ್ಲಿದ್ದ ಸಿಎಂಸಿ ಸಂಸ್ಥೆ. 1986ರಲ್ಲಿ ರೈಲ್ವೆಯದೇ ಆದ ಮಾಹಿತಿ ವ್ಯವಸ್ಥೆಗಳ ಕೇಂದ್ರ 'ಕ್ರಿಸ್' ಸ್ಥಾಪನೆಯಾಯಿತು. ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸು, ಸಿಕಂದರಾಬಾದು ಎಂಬ ಐದು ಕೇಂದ್ರಗಳು ಬೆಳೆದವಾದರೂ ಪುಸ್ತಕಗಳು ಇನ್ನೂ ಐದಾಗಿಯೇ ಉಳಿದವು. 'ಕಾನ್ಸರ್ಟ್' ಎಂಬ ತಂತ್ರಾಂಶದ ಮೂಲಕ ಅವೆಲ್ಲ ಪರಸ್ಪರ ಜೋಡಣೆಗೊಂಡದ್ದು 1999ರ ಏಪ್ರಿಲಿನಲ್ಲಿ. ಅಂದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ದೊರೆಯಲು ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇದರಲ್ಲಿರುವ ಜಾಣ್ಮೆ ಕೇವಲ ವೇಗದ್ದಲ್ಲ. ಸಾವಿರಾರು ಜನ ಒಂದೇ ಪುಟವನ್ನು ಏಕಕಾಲದಲ್ಲಿ ಓದಬಹುದು. ಆದರೆ ಒಂದು ಬರ್ತಿನ ಎದುರು ಹೆಸರು ಬರೆಯುವ ಅವಕಾಶ ಒಮ್ಮೆಗೆ ಒಬ್ಬರಿಗಷ್ಟೇ. ಈ ಶಿಸ್ತಿಲ್ಲದಿದ್ದರೆ ಒಂದೇ ಜಾಗ ಇಬ್ಬರಿಗೆ ಮಾರಾಟವಾದೀತು.

2002ರ ಆಗಸ್ಟಿನಲ್ಲಿ ಅಂತರ್ಜಾಲದ ಟಿಕೆಟು ಬಂದಿತು. ಮೊದಮೊದಲು ಅಚ್ಚಾದ ಟಿಕೆಟು ಕೊರಿಯರಿನಲ್ಲಿ ಮನೆಗೆ ಬರುತ್ತಿತ್ತು. 2005ರಿಂದ ನಾವೇ ಮುದ್ರಿಸಿಕೊಳ್ಳುವ ಇ-ಟಿಕೆಟು ಬಳಕೆಗೆ ಬಂದಿತು. ರೈಲು ಎಲ್ಲಿದೆಯೆಂದು ಮೊಬೈಲ್ ಗೋಪುರಗಳ ಸಂಕೇತದಿಂದಲೇ ತಿಳಿಸುವ 'ವೇರ್ ಈಸ್ ಮೈ ಟ್ರೇನ್' ರೂಪುಗೊಂಡದ್ದು ನಮ್ಮ ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್‌ನಲ್ಲಿ. 2018ರಲ್ಲಿ ಗೂಗಲ್ ಆ ಸಂಸ್ಥೆಯನ್ನು ಕೊಂಡುಕೊಂಡಿತು.

ಆದರೂ ಒಂದು ಅಳುಕು ಉಳಿದಿದೆ. ಪುಸ್ತಕ ಎಲ್ಲರದಾದರೂ ಅದನ್ನು ಬಿಡಿಸಿ ನೋಡುವ ಶಕ್ತಿ ಎಲ್ಲರಿಗೂ ಬಂದಿಲ್ಲ. 2025ರ ಜುಲೈಯಿಂದ ಅಂತರ್ಜಾಲದಲ್ಲಿ ತತ್ಕಾಲ್ ಟಿಕೆಟು ಪಡೆಯಲು ಆಧಾರ್ ದೃಢೀಕರಣ ಅಗತ್ಯವಾಗಿದೆ. ದಲ್ಲಾಳಿಗಳನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಬೀದಿಯಲ್ಲಿ ಮೊಬೈಲನ್ನು ಕರೆಗೆ ಮಾತ್ರ ಬಳಸಬಲ್ಲ ಹಿರಿಯರು ಹಲವರಿದ್ದಾರೆ. ಅವರ ಪಾಲಿಗೆ ನಿಲ್ದಾಣದ ಕಿಟಕಿ ತೆರೆದೇ ಇರಬೇಕು.

ಆ ಹುಡುಗಿ ಈಗ ಐವತ್ತು ದಾಟಿರಬೇಕು. ಅಮ್ಮಾ, ನೀನು ಇದನ್ನು ಓದಿದರೆ ಎರಡು ಸಾಲು ಬರೆ. ಅಂದು ನಕ್ಕದ್ದಕ್ಕೆ ನಿನ್ನ ಮೇಷ್ಟ್ರ ಕ್ಷಮೆ ಇನ್ನೂ ಬಾಕಿಯಿದೆ.