ಆನೆಗುಂದಿ ಸೀಮೆಯ ಮುಷ್ಟಿಮಲ್ಲರು: ಹುಟ್ಟುಗುಣ, ಕಲಿಕೆ, ಅರಮನೆಯ ಅನ್ನ

ಗುದ್ದಾಟದಲ್ಲಿ ಗೆಲ್ಲುವವನು ಹುಟ್ಟಿನಿಂದ ಬಂದ ಕಸುವಿನಿಂದ ಗೆಲ್ಲುತ್ತಾನೋ, ಕಲಿತ ಪಟ್ಟಿನಿಂದ ಗೆಲ್ಲುತ್ತಾನೋ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಈಗಿನ ಬಾಕ್ಸಿಂಗ್ ರಿಂಗಿನ ಸುತ್ತಲೇ ಚರ್ಚಿಸಲಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಿಂದ ಹೊರಟರೆ ಇದಕ್ಕೆ ಹಳೆಯ ಆಧಾರಗಳೇ ಸಿಗುತ್ತವೆ. ಅವುಗಳನ್ನು ಒಟ್ಟಿಗೆ ಇಟ್ಟು ಓದುವುದು ಈ ಟಿಪ್ಪಣಿಯ ಉದ್ದೇಶ. ಹುಟ್ಟು ಮತ್ತು ಕಲಿಕೆ ಎಂಬ ಎರಡೇ ಪಾಲು ಮಾಡಿದರೆ ಈ ಆಧಾರಗಳು ಹೇಳುವ ಮುಖ್ಯವಾದ ಮಾತೊಂದು ಕೈತಪ್ಪುತ್ತದೆ ಎಂಬುದು ನನ್ನ ವಾದ. ಆ ಮಾತು ಪೈಲವಾನನ ಹೊಟ್ಟೆಗೆ ಸಂಬಂಧಿಸಿದ್ದು.

ಸಹಜ ಪ್ರತಿಭೆಯನ್ನು ಕೊಂಡಾಡುವ ಕನ್ನಡದ ಅತಿ ಹಳೆಯ ಹೇಳಿಕೆಯೇ ಕೊಪ್ಪಳದ ಹೆಸರಿನ ಜೊತೆಗೆ ಬಂದಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನೆಲವನ್ನು ಕನ್ನಡದ ತಿರುಳು ಎಂದು ಕರೆಯುತ್ತದೆ. ಈ ನಾಡಿನ ಜನ ಕ್ರಮವಾಗಿ ಓದದಿದ್ದರೂ ಕಾವ್ಯದ ಬಳಕೆಯಲ್ಲಿ ಪಳಗಿದವರು ಎಂದೂ ಹೇಳುತ್ತದೆ. ಈ ಮಾತನ್ನು ನಾವು ಹೆಮ್ಮೆಯಿಂದ ಭಾಷಣಗಳಲ್ಲಿ ಬಳಸುತ್ತ ಬಂದಿದ್ದೇವೆ. ಅದು ಇರುವುದು ದೋಷ, ಗುಣ, ಅಲಂಕಾರಗಳನ್ನು ಒಂದೊಂದಾಗಿ ಕಲಿಸಿಕೊಡುವ ಲಕ್ಷಣಗ್ರಂಥದಲ್ಲಿ ಎಂಬುದನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ಜನರಿಗೆ ಹುಟ್ಟಿನಿಂದಲೇ ಬರುತ್ತದೆ ಎಂದವನೇ ಅವರಿಗೆ ಪಾಠಪುಸ್ತಕವನ್ನೂ ಬರೆದುಕೊಟ್ಟ. ಇದೇ ಬಗೆಯ ಜೋಡಿ ಮಲ್ಲರ ವಿಷಯದಲ್ಲೂ ಕಾಣುತ್ತದೆ.

ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿತವಾದ ಅವನ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿಗೆ ಮಲ್ಲವಿನೋದವೂ ಸೇರಿದೆ. ಹಾಗಾಗಿ ಈ ಗ್ರಂಥವನ್ನು ಕೊಪ್ಪಳ ಸೀಮೆಯನ್ನು ಆಳಿದ ಅರಮನೆಯ ಕೈಪಿಡಿಯೆಂದು ಓದಲು ಅಡ್ಡಿಯಿಲ್ಲ.

ಸೋಮೇಶ್ವರ ಮೊದಲು ಮಲ್ಲರನ್ನು ವಿಂಗಡಿಸುತ್ತಾನೆ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂಬ ದರ್ಜೆಗಳಿವೆ. ಮೈಕಟ್ಟು, ಬಲ, ವಯಸ್ಸು, ಪಳಗುವಿಕೆ ಇವು ಒರೆಗಲ್ಲುಗಳು. ಇನ್ನೂ ಬೆಳೆಯುವ ಹುಡುಗನಿಗೆ ಭವಿಷ್ಣು ಎಂದೂ ಬೆಳೆದು ಬಲಿತವನಿಗೆ ಪ್ರರೂಢ ಎಂದೂ ಹೆಸರು. ಇಲ್ಲಿಯವರೆಗೆ ಹುಟ್ಟುಗುಣದ ಲೆಕ್ಕಾಚಾರ ಎನ್ನಬಹುದು. ಮುಂದೆ ಬರುವುದು ತಾಲೀಮು: ಭಾರ ಎತ್ತುವ ಭಾರಶ್ರಮ, ನಡೆದಾಟದ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳುಗಳಿಗೆ ಬಾಹುಪೆಲ್ಲಣಕ, ಕಂಬದ ಮೇಲೆ ಸ್ತಂಭಶ್ರಮ. ಇವುಗಳ ಜೊತೆಗೆ ಮಲ್ಲರಿಗೆ ಅರಮನೆಯಿಂದ ಸಲ್ಲಬೇಕಾದ ಆಹಾರದ ವಿವರವೂ ಇದೆ. ವಿದ್ವಾಂಸರು ಈ ಅಧ್ಯಾಯದಿಂದ ಪಟ್ಟುಗಳ ಹೆಸರುಗಳನ್ನು ಆರಿಸಿಕೊಂಡು ಆಹಾರದ ಭಾಗವನ್ನು ದಾಟಿಹೋಗುವುದುಂಟು. ನನಗೆ ಅದೇ ಅಧ್ಯಾಯದ ಗಟ್ಟಿ ಭಾಗವಾಗಿ ಕಾಣುತ್ತದೆ. ಭವಿಷ್ಣುವನ್ನು ಪ್ರರೂಢನನ್ನಾಗಿ ಮಾಡುವ ಹೊಣೆಯನ್ನು ಅರಸ ಹುಡುಗನ ಅದೃಷ್ಟಕ್ಕೆ ಬಿಟ್ಟಿಲ್ಲ, ಉಗ್ರಾಣಕ್ಕೆ ವಹಿಸಿದ್ದಾನೆ.

ಇನ್ನು ಆನೆಗುಂದಿ. ಗಂಗಾವತಿ ತಾಲ್ಲೂಕಿನ ಈ ಊರು ವಿಜಯನಗರದ ಹಳೆಯ ನೆಲೆ, ಹೊಳೆಯಾಚೆ ಹಂಪಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಹರಿಗೋಲಿನಲ್ಲಿ ಹೊಳೆ ದಾಟುವುದನ್ನೂ ಬರೆದಿದ್ದಾನೆ. ಅವನ ಬರಹವೂ 1535ರ ನಂತರ ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್‌ನ ಬರಹವೂ 1897ರಲ್ಲಿ ಮೂಲಭಾಷೆಯಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸೂವೆಲ್ ಅವನ್ನು ಇಂಗ್ಲಿಷಿಗೆ ತಂದ. ಮಹಾನವಮಿಯ ಮಲ್ಲರ ಬಗ್ಗೆ ಈ ಇಬ್ಬರೂ ಹೇಳುವುದು ಒಂದೇ ಅಲ್ಲ. ಆ ವ್ಯತ್ಯಾಸವನ್ನು ತುಸು ನಿಧಾನವಾಗಿ ನೋಡಬೇಕು.

ಪಾಯಸ್ ಹೇಳುವಂತೆ ಇವರ ಕುಸ್ತಿ ತನ್ನ ನಾಡಿನ ಕುಸ್ತಿಯಂತಿರಲಿಲ್ಲ. ಇಲ್ಲಿ ಹೊಡೆತಗಳಿದ್ದವು, ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ಕೆಡುವ ಹೊಡೆತಗಳು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಒಳ್ಳೆಯ ಎತ್ತಿಹಾಕುವ ಪಟ್ಟುಗಳೂ ಇದ್ದವು. ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಕಣದಲ್ಲಿ ಇಬ್ಬರನ್ನೂ ಸರಿಸಮವಾಗಿ ನಿಲ್ಲಿಸುವುದು, ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದು ಅವರ ಕೆಲಸ. ನೂನಿಜ್ ಸಾವಿರ ಮಲ್ಲರ ಮಾತಾಡುತ್ತಾನೆ. ಅವರ ಕೈಯಲ್ಲಿ ಮೊನೆಗಳಿರುವ ಬಳೆಯಂಥ ಸಾಧನವಿತ್ತು, ಅದರಿಂದ ಹೊಡೆದು ಗಾಯಗೊಳಿಸುತ್ತಿದ್ದರು, ಹೆಚ್ಚು ಗಾಯಗೊಂಡವನು ಹೋಗಿ ಬಹುಮಾನದ ರೇಷ್ಮೆ ಬಟ್ಟೆ ಪಡೆಯುತ್ತಿದ್ದ ಎನ್ನುತ್ತಾನೆ. ಜೊತೆಗೆ, ಇವರಿಗೊಬ್ಬ ನಾಯಕನಿದ್ದ, ರಾಜ್ಯದಲ್ಲಿ ಇವರು ಬೇರೆ ಯಾವ ಸೇವೆಯನ್ನೂ ಮಾಡುತ್ತಿರಲಿಲ್ಲ ಎಂಬ ಮಾತನ್ನೂ ಸೇರಿಸುತ್ತಾನೆ.

ಒಬ್ಬನ ಪ್ರಕಾರ ಗೆದ್ದವನಿಗೆ ಮನ್ನಣೆ, ಇನ್ನೊಬ್ಬನ ಪ್ರಕಾರ ಹೆಚ್ಚು ಪೆಟ್ಟು ತಿಂದವನಿಗೆ. ನೂನಿಜ್ ತಪ್ಪಾಗಿ ಕೇಳಿಸಿಕೊಂಡ ಎಂದು ಬದಿಗಿಡುವುದು ಸುಲಭ; ಆದರೆ ಹಾಗೆ ಮಾಡಲು ಕಾರಣ ಬೇಕು. ಪಾಯಸ್ ಹೇಳುವುದು ಬರಿಗೈ ಗುದ್ದು ಮತ್ತು ಪಟ್ಟುಗಳ ಬೆರಕೆ ಕಾಳಗ. ಸಾಧನದ ಸುದ್ದಿಯೇ ಅವನಲ್ಲಿಲ್ಲ. ನೂನಿಜ್ ಹೇಳುವುದು ಕೈಗೆ ಮೊನೆಯ ಸಾಧನ ತೊಟ್ಟು ಹೊಡೆಯುವ ವಜ್ರಮುಷ್ಟಿಯ ಕಾಳಗವನ್ನು. ಇವು ಎರಡು ಬೇರೆ ಕಾಳಗಗಳಾಗಿದ್ದರೆ ವಿರೋಧವೇ ಇಲ್ಲ. ಮೊದಲನೆಯದರಲ್ಲಿ ಅಳೆಯುತ್ತಿದ್ದುದು ಕೈಚಳಕ, ಎರಡನೆಯದರಲ್ಲಿ ತಾಳಿಕೆ. ಬಾಕ್ಸಿಂಗ್ ಬಲ್ಲವರಿಗೆ ಈ ಭೇದ ಹೊಸದಲ್ಲ. ಹೊಡೆಯುವುದನ್ನು ಕಲಿಸಬಹುದು, ಪೆಟ್ಟು ತಡೆಯುವ ದವಡೆಯನ್ನು ಕಲಿಸಲಾಗದು ಎಂದು ತರಬೇತುದಾರರು ಹೇಳುವುದುಂಟು. ಅದು ಪೂರಾ ನಿಜವಲ್ಲ. ಕತ್ತಿನ ಸ್ನಾಯು ಬಲಿಯುವಂತೆ ಮಾಡಬಹುದು, ಗಲ್ಲ ಇಳಿಸಿ ನಿಲ್ಲುವುದನ್ನು ಕಲಿಸಬಹುದು. ಆದರೂ ಈ ಎರಡರಲ್ಲಿ ಹುಟ್ಟಿಗೆ ಹೆಚ್ಚು ಹತ್ತಿರವಾದದ್ದು ತಾಳಿಕೆಯೇ.

ಪಾಯಸ್ ಹೇಳುವ ತೀರ್ಪುಗಾರರ ವಿಷಯ ಇನ್ನೂ ಮುಖ್ಯ. ಇಬ್ಬರನ್ನು ಸರಿಸಮ ನಿಲ್ಲಿಸುವುದೆಂದರೆ ಹುಟ್ಟಿನಿಂದ ಬಂದ ಎತ್ತರ ತೂಕಗಳ ಲಾಭವನ್ನು ಕಾಳಗಕ್ಕೆ ಮುಂಚೆಯೇ ಕಳೆದುಬಿಡುವುದು ಎಂದು ನಾನು ಓದುತ್ತೇನೆ. ಇಂಗ್ಲೆಂಡಿನ ಬರಿಗೈ ಪಂದ್ಯಗಳಲ್ಲಿ ಬಹುಕಾಲ ಇಂಥ ಕಟ್ಟುನಿಟ್ಟು ಇರಲಿಲ್ಲ. ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ತೂಕವಿಭಾಗಗಳನ್ನು ಗೊತ್ತುಮಾಡಿದ್ದು 1909ರಲ್ಲಿ. ತೂಕವಿಭಾಗ ಬಂದ ಮೇಲೆ ಬಾಕ್ಸಿಂಗಿನಲ್ಲಿ ಹುಟ್ಟಿನ ಪಾತ್ರ ಎಷ್ಟು ಎಂಬ ಪ್ರಶ್ನೆಯೇ ಬದಲಾಗುತ್ತದೆ, ಏಕೆಂದರೆ ಅದರ ದೊಡ್ಡ ಪಾಲನ್ನು ತಕ್ಕಡಿ ಆಗಲೇ ತೆಗೆದುಹಾಕಿರುತ್ತದೆ.

ಉಳಿದದ್ದರಲ್ಲಿ ಕಲಿಕೆಯ ಪಾಲಿಗೆ ಒಂದು ಒಳ್ಳೆಯ ಅಳತೆ ಸೋವಿಯತ್ ಸಂಶೋಧಕರದು. ಫಿಲಿಮೊನೊವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬಲಗೈಯ ನೇರ ಗುದ್ದನ್ನು ಬಿಡಿಸಿ ನೋಡಿದರು. ಪಳಗಿದ ಬಾಕ್ಸರುಗಳಲ್ಲಿ ಗುದ್ದಿನ ಬಲದ ಶೇಕಡಾ 38ರಷ್ಟು ಕಾಲಿನ ಒತ್ತಿನಿಂದ ಬರುತ್ತಿತ್ತು, ತೋಳಿನಿಂದ ಬರುತ್ತಿದ್ದುದು 24ರಷ್ಟು. ಕೆಳದರ್ಜೆಯವರಲ್ಲಿ ಇದು ತಿರುಗುಮುರುಗು: ಕಾಲಿನದು ಸುಮಾರು 17, ತೋಳಿನದು 38. ಹುಟ್ಟಾ ಬಲಶಾಲಿ ತೋಳಿನಿಂದ ಗುದ್ದುತ್ತಾನೆ, ಕಲಿತವನು ನೆಲದಿಂದ ಗುದ್ದುತ್ತಾನೆ. ಮಾನಸೋಲ್ಲಾಸದ ಭಾರ, ನಡೆದಾಟ, ಕಂಬದ ಶ್ರಮಗಳು ತೋಳಿಗಿಂತ ಮಿಗಿಲಾಗಿ ಕಾಲು ಸೊಂಟಗಳಿಗೆ ಕೆಲಸ ಕೊಡುವಂಥವು ಎಂಬುದನ್ನು ಇಲ್ಲಿ ನೆನೆಯಬೇಕು. ಅದಕ್ಕಿಂತ ಹೆಚ್ಚಿನ ನಂಟನ್ನು ಈ ಎರಡರ ನಡುವೆ ಎಳೆಯುವುದು ಸಲ್ಲದು.

ಇದರ ಎದುರಿಗೆ ಇಡಬೇಕಾದ ಅಂಕಿಯೂ ಇದೆ. ಸಾಧನೆಗೆ ಉದ್ದೇಶಪೂರ್ವಕ ಅಭ್ಯಾಸವೇ ಮೂಲ ಎಂದು ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಪಿಟೀಲುವಾದಕರನ್ನು ಮುಂದಿಟ್ಟು ವಾದಿಸಿದರು. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಕ್ರೀಡೆಯಲ್ಲಿ ಆಟಗಾರರ ನಡುವಣ ವ್ಯತ್ಯಾಸದಲ್ಲಿ ಇಂಥ ಅಭ್ಯಾಸ ವಿವರಿಸುವುದು ಶೇಕಡಾ 18 ಮಾತ್ರ ಎಂದು ತೋರಿಸಿದರು. ಹಾಗಾದರೆ ಉಳಿದ 82 ಹುಟ್ಟಿನದು ಎಂದು ಓದುವವರು ಬಹಳ. ಅದು ಲೆಕ್ಕದ ತಪ್ಪು. ಆ 82ರೊಳಗೆ ಹುಟ್ಟೂ ಇದೆ, ಎಷ್ಟನೆಯ ವಯಸ್ಸಿಗೆ ಶುರುಮಾಡಿದ ಎಂಬುದೂ ಇದೆ, ಕಲಿಸಿದವನು ಯಾರು ಎಂಬುದೂ, ಗಾಯವೂ, ಅಳತೆಯ ದೋಷವೂ, ಉಂಡ ಊಟವೂ ಇವೆ.

ಕೃಷ್ಣದೇವರಾಯನ ಬೆಳಗಿನ ವರ್ಣನೆಯನ್ನು ಈ ಬೆಳಕಿನಲ್ಲಿ ಓದಬಹುದು. ಪಾಯಸ್ ಕಂಡ ರಾಯ ಮಧ್ಯಮ ಎತ್ತರದವನು, ತೆಳುವಿಗಿಂತ ತುಸು ದಪ್ಪ ಎನ್ನಬಹುದಾದ ಮೈ, ಮುಖದಲ್ಲಿ ಸಿಡುಬಿನ ಕಲೆ. ಈ ದೇಹದಲ್ಲಿ ಅಸಾಧಾರಣವಾದದ್ದೇನನ್ನೂ ಅವನು ಗುರುತಿಸುವುದಿಲ್ಲ. ಗುರುತಿಸುವುದು ದಿನಚರಿಯನ್ನು: ಬೆಳಕು ಹರಿಯುವ ಮೊದಲು ಎಳ್ಳೆಣ್ಣೆ ಕುಡಿಯುವುದು, ಅದನ್ನೇ ಮೈಗೆ ತಿಕ್ಕಿಸಿಕೊಳ್ಳುವುದು, ಮಣ್ಣಿನ ಭಾರಗಳನ್ನು ಎತ್ತುವುದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ, ತನ್ನ ಮಲ್ಲನೊಬ್ಬನ ಜೊತೆ ಕುಸ್ತಿ, ಬಳಿಕ ಬಯಲಲ್ಲಿ ಕುದುರೆ ಓಡಿಸುವುದು. ಅರಮನೆಯೊಳಗಿನ ಈ ಮುಂಜಾವನ್ನು ಪಾಯಸ್ ಕಣ್ಣಾರೆ ಕಂಡಿರುವುದು ಅನುಮಾನ. ಮಹಾನವಮಿಯ ವರ್ಣನೆಯಷ್ಟು ತೂಕವನ್ನು ಇದಕ್ಕೆ ಕೊಡಲಾಗದು. ಆದರೂ ಅರಸನ ಬಲದ ಬಗ್ಗೆ ಆಸ್ಥಾನ ಹೊರಗಿನವರಿಗೆ ಹೇಳಿಕೊಳ್ಳಲು ಬಯಸಿದ್ದು ವಂಶದ ಕತೆಯನ್ನಲ್ಲ, ಸಾಮಿನ ಕತೆಯನ್ನು ಎಂಬುದು ಗಮನಾರ್ಹ.

ಹುಟ್ಟಿನ ವಾದಕ್ಕೆ ಕರ್ನಾಟಕದಲ್ಲಿ ಬಲವಾದ ಆಧಾರವೆಂದರೆ ಮೈಸೂರಿನ ಜೆಟ್ಟಿಗಳು. ವಜ್ರಮುಷ್ಟಿ ಇವರ ಕುಲವೃತ್ತಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಾರ್ಕ್ ವಿಲ್ಕ್ಸ್ ಬರೆದಂತೆ ಬೆರಳ ಗೆಣ್ಣುಗಳ ಮೇಲೆ ಕೊಂಬಿನ ಆಯುಧ ಧರಿಸಿ, ಕುಸ್ತಿಯನ್ನೂ ಗುದ್ದನ್ನೂ ಬೆರೆಸಿ, ತಲೆಗೆ ಮಾತ್ರ ಹೊಡೆಯುವ ಕಾಳಗ ಇದು. ಕುಲದಲ್ಲಿ ಹುಟ್ಟಿದವನಿಗಷ್ಟೇ ಇದು ಬರುತ್ತದೆ ಎಂಬ ನಂಬಿಕೆ ಸಹಜ, ಏಕೆಂದರೆ ಬೇರೆಯವರು ಅದನ್ನು ಆಡಿದ್ದೇ ಇಲ್ಲ. ಆದರೆ ಇದೇ ಜೆಟ್ಟಿಗಳು ಮುರಿದ ಮೂಳೆ ಕೂರಿಸುವುದರಲ್ಲೂ, ಕೀಲು ತಪ್ಪಿದ್ದನ್ನು ಸರಿಮಾಡುವುದರಲ್ಲೂ ಹೆಸರಾಗಿದ್ದವರು. ಗರಡಿ, ವಸ್ತಾದ, ವೈದ್ಯ ಮೂರೂ ಒಂದೇ ಮನೆಯಲ್ಲಿದ್ದರೆ ಅಲ್ಲಿನ ಹುಡುಗ ಕಲಿತದ್ದು ಹೊರಗಿನವರ ಕಣ್ಣಿಗೆ ಹುಟ್ಟುಗುಣವಾಗಿಯೇ ಕಾಣುತ್ತದೆ. ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರ ಕೈಯ ಬಗ್ಗೆಯೂ ಜನ ಹೀಗೆಯೇ ಮಾತಾಡುತ್ತಾರೆ.

ಹುಟ್ಟನ್ನೇ ನೆಚ್ಚಿ ಸರ್ಕಾರ ಕೈಹಾಕಿದ ಪ್ರಯೋಗವೂ ನಮ್ಮಲ್ಲಿ ನಡೆದಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆಯ್ದುಕೊಂಡಿತು. ಆಫ್ರಿಕಾ ಮೂಲದವರಾದ್ದರಿಂದ ಓಟ ಅವರ ರಕ್ತದಲ್ಲೇ ಇರುತ್ತದೆ ಎಂಬುದು ಅದರ ಹಿಂದಿನ ಎಣಿಕೆ. ಮಕ್ಕಳು ಪದಕಗಳನ್ನೂ ತಂದರು. 1990ರ ದಶಕದ ಮೊದಲ ವರ್ಷಗಳಲ್ಲಿ ಯೋಜನೆ ನಿಂತಿತು, ಹಲವರು ಮರಳಿ ಕೂಲಿಗೆ ಹೋದರು. ಯೋಜನೆ ನಿಂತಾಗ ಅವರ ರಕ್ತವೇನೂ ಬದಲಾಗಲಿಲ್ಲ. ಹೋದದ್ದು ಹಾಸ್ಟೆಲ್ಲಿನ ಊಟ, ತರಬೇತುದಾರ, ದಿನವಿಡೀ ಓಡಲು ಸಿಗುತ್ತಿದ್ದ ಬಿಡುವು. ಮಣಿಪುರದ ಮೇರಿ ಕೋಮ್ 2000ದಲ್ಲಿ ಅಥ್ಲೆಟಿಕ್ಸ್ ಬಿಟ್ಟು ಬಾಕ್ಸಿಂಗಿಗೆ ಬಂದು ಮರುವರ್ಷವೇ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ ಗೆದ್ದದ್ದನ್ನು ಶುದ್ಧ ಪ್ರತಿಭೆಗೆ ನಿದರ್ಶನವೆನ್ನುವವರು, ಆಕೆ ಅದಕ್ಕೆ ಮೊದಲು ಗದ್ದೆಯಲ್ಲೂ ಓಟದ ಪಥದಲ್ಲೂ ಕಳೆದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಸ್ತಿಪಟುವೊಬ್ಬ ಬಾಕ್ಸರ್ ಆಗುವ ಕತೆಯ ‘ಪೈಲ್ವಾನ್’ ಚಿತ್ರ (2019) ಈ ವಿಷಯದಲ್ಲಿ ನಮ್ಮ ಅನೇಕ ಲೇಖನಗಳಿಗಿಂತ ಜಾಣ: ಅದರಲ್ಲಿ ಅನಾಥ ಹುಡುಗನಿಗೆ ಅನ್ನ ಹಾಕುವವನೂ ಪಟ್ಟು ಕಲಿಸುವವನೂ ಒಬ್ಬನೇ.

ಈಗಿನ ಕೊಪ್ಪಳ ಜಿಲ್ಲೆಯಲ್ಲಿ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿ ಭತ್ತದ ಕಣಜ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಬೆದ್ದಲು. ಈ ಕಡೆಯ ಜಾತ್ರೆಗಳಲ್ಲಿ ಗುಂಡು ಎತ್ತುವ, ಜೋಳದ ಚೀಲ ಹೊರುವ ಪಂದ್ಯಗಳನ್ನು ನೋಡಿದವರು ‘ಹುಟ್ಟಾ ಗಟ್ಟಿ ಆಳು’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ವರ್ಷವೆಲ್ಲ ಚೀಲ ಹೊತ್ತೇ ಬದುಕುವ ಹಮಾಲರಂಥವರ ವಿಷಯದಲ್ಲಿ ಆ ಮಾತು ತಾಲೀಮನ್ನೇ ಹುಟ್ಟೆಂದು ಕರೆಯುತ್ತದೆ. ಅಂಥವನಿಗೆ ಗ್ಲೌಸ್ ತೊಡಿಸಿದರೆ ಕಾಲು ಸೊಂಟಗಳ ಬಲ ಆಗಲೇ ಸಿದ್ಧವಿರುತ್ತದೆ. ಇಲ್ಲದಿರುವುದು ಕಾಲಿನ ಚಲನೆ, ಅಂತರದ ಅಂದಾಜು, ಗಾರ್ಡ್. ಇವು ಮೂರೂ ಕಲಿಕೆಯವು, ಕಲಿಯಲು ಕೂಲಿ ತಪ್ಪಿಸಿಕೊಂಡ ಗಂಟೆಗಳು ಬೇಕಾದವು. ನೂನಿಜ್ ಕಂಡ ಸಾವಿರ ಮಂದಿಗೆ ಅರಸ ಕೊಟ್ಟದ್ದು ಅದನ್ನೇ.

ಮೈಸೂರಿನಲ್ಲಿ ವಿಜಯದಶಮಿಯ ಬೆಳಗ್ಗೆ ಅರಮನೆಯ ಅಂಗಳದಲ್ಲಿ ಜೆಟ್ಟಿಗಳ ಕಾಳಗ ಇಂದಿಗೂ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಬರುವವರು ಬೇರೆ ಬೇರೆ ಉದ್ಯೋಗಗಳಲ್ಲಿರುವವರು. ದಸರೆಗೆ ಮುಂಚೆ ಕೆಲವು ವಾರ ತಾಲೀಮು ಮಾಡುತ್ತಾರೆ. ವಿಲ್ಕ್ಸ್‌ನ ಕಾಲದಲ್ಲಿ ಇಬ್ಬರ ನೆತ್ತಿಯಿಂದಲೂ ನೆತ್ತರು ಹರಿಯುವವರೆಗೆ ಸಾಗುತ್ತಿದ್ದ ಕಾಳಗ ಈಗ ಮೊದಲ ಹನಿಗೆ ನಿಲ್ಲುತ್ತದೆ. ಇದಕ್ಕೆ ಕಾಲದ ಮನೋಧರ್ಮ ಮುಖ್ಯ ಕಾರಣವಿರಬೇಕು. ಆದರೆ ಕುಲ ಅದೇ ಇದ್ದು ಪೂರ್ಣಾವಧಿ ಮಲ್ಲನೆಂಬ ಹುದ್ದೆ ಇಲ್ಲವಾದದ್ದನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಲೇಬೇಕಾಗುತ್ತದೆ.