ಅಜ್ಜನ ಹಡಪ, ರಾಣಿಯ ಕಾಲು

ನಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಹಡಪ ಇನ್ನೂ ಇದೆ. ಒಣಗಿ ಸೆಟೆದುಕೊಂಡ ಚರ್ಮದ ಚೀಲ. ಒಳಗೆ ಎರಡು ಕ್ಷೌರದ ಕತ್ತಿ, ಒಂದು ಸಾಣೆಕಲ್ಲು, ಉಗುರು ತೆಗೆಯುವ ಬೆರಳುದ್ದದ ಸಣ್ಣ ಉಳಿ. ಆ ಉಳಿಯಿಂದ ಅಜ್ಜ ಕಾಲಿನ ಆಣಿಯನ್ನೂ ತೆಗೆಯುತ್ತಿದ್ದ. ವಿಜಯಪುರ ಜಿಲ್ಲೆಯ ನಮ್ಮೂರಲ್ಲಿ ಎರೆ ಹೊಲದಲ್ಲಿ ಬರಿಗಾಲಲ್ಲಿ ತಿರುಗಿದ ಮುದುಕರು ಕಟ್ಟೆಯ ಮೇಲೆ ಕೂತು ಕಾಲು ಚಾಚುತ್ತಿದ್ದರು. ಅಜ್ಜ ಕೆಳಗೆ ನೆಲದಲ್ಲಿ ಕೂತು, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಿಸಿನೀರು ಹಚ್ಚಿ ನೆನೆಸಿ, ಪದರು ಪದರಾಗಿ ಕೆತ್ತುತ್ತಿದ್ದ. "ಆಣಿ ತಗಿಯೂಮುಂದ ರಕ್ತ ಕಾಣಬಾರದು. ಕಂಡ್ರ ನಿನಗ ಕೆಲಸ ಬರಂಗಿಲ್ಲ ಅಂತ ಅರ್ಥ" ಎನ್ನುತ್ತಿದ್ದ. ಇದಕ್ಕೆ ಬೇರೆ ಕೂಲಿ ಇರಲಿಲ್ಲ. ಸುಗ್ಗಿಯಲ್ಲಿ ಸಿಗುವ ಆಯದ ಜೋಳದಲ್ಲೇ ಗಡ್ಡ, ತಲೆ, ಉಗುರು, ಆಣಿ ಎಲ್ಲವೂ ಮುಗಿದುಹೋಗುತ್ತಿತ್ತು.

ನನ್ನ ಪಿಎಚ್.ಡಿ. ವಿಷಯ ವಸಾಹತು ಕಾಲದ ಔಷಧಾಲಯಗಳು. ಕಾಲಿನ ಚರಿತ್ರೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಯಾವುದೋ ಪುಸ್ತಕದ ಅಡಿಟಿಪ್ಪಣಿಯಲ್ಲಿ ಲೂಯಿಸ್ ಡರ್ಲಾಕರ್ ಎಂಬ ಹೆಸರು ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಇಂಗ್ಲೆಂಡಿನ ಅರಮನೆಯವರ ಆಣಿ ತೆಗೆಯುತ್ತಿದ್ದವನು, ವಿಕ್ಟೋರಿಯಾ ರಾಣಿಯ ಕಾಲು ನೋಡಿದವನು. ಹಡಪದ ನೆನಪಾಯಿತು. ಮೂಲ ಕೆಲಸ ಬಿಟ್ಟು ಒಂದು ವಾರ ಅವನ ಹಿಂದೆ ಬಿದ್ದೆ. ನನ್ನ ಮಾರ್ಗದರ್ಶಕರಿಗೆ ಇದು ಗೊತ್ತಿಲ್ಲ.

ಡರ್ಲಾಕರನಿಗಿಂತ ಬಹಳ ಹಿಂದೆಯೇ ಲಂಡನ್ನಿನ ಬೀದಿಗಳಲ್ಲಿ ಆಣಿ ಕತ್ತರಿಸುವವರು ಕೂಗಿಕೊಂಡು ತಿರುಗುತ್ತಿದ್ದರು. ಬೆನ್ ಜಾನ್ಸನ್ 1614ರಲ್ಲಿ ರಂಗಕ್ಕೆ ತಂದ 'ಬಾರ್ಥಲೊಮ್ಯು ಫೇರ್' ನಾಟಕದ ಜಾತ್ರೆಯಲ್ಲಿ ಇಲಿಬೋನು ಮಾರುವವನ ಜೊತೆಗೆ ಆಣಿ ಕತ್ತರಿಸುವವನೂ ಒಬ್ಬ ಪಾತ್ರಧಾರಿ. ನಗೆಪಾತ್ರಗಳ ಸಾಲಿನಲ್ಲಿ ಅವನಿಗೊಂದು ಜಾಗ. 1785ರಲ್ಲಿ ಡೇವಿಡ್ ಲೋ ಎಂಬವನು 'ಕಿರೊಪೊಡೊಲೊಜಿಯ' ಎಂಬ ಪುಸ್ತಕ ಬರೆದ. ಗ್ರೀಕಿನ ಕೈ ಮತ್ತು ಕಾಲು ಎಂಬ ಎರಡು ಮಾತುಗಳನ್ನು ಜೋಡಿಸಿ ಮಾಡಿದ ಹೆಸರದು. ಬೀದಿಯ ಕಸುಬಿಗೆ ಗ್ರೀಕ್ ಅಂಗಿ ಹಾಕಿದ ಮೇಲೆ ಅದನ್ನು ಮಾಡುವವನು ಕಿರೊಪೊಡಿಸ್ಟ್ ಆದ. ಉಳಿ ಅದೇ, ಆಣಿಯೂ ಅದೇ.

1845ರಲ್ಲಿ ಡರ್ಲಾಕರ್ ತನ್ನ ದೊಡ್ಡ ಪುಸ್ತಕ ಪ್ರಕಟಿಸಿದ. ಆಣಿ, ಹೆಬ್ಬೆರಳ ಬುಡದ ಗಂಟು, ಉಗುರಿನ ರೋಗಗಳು, ಪಾದದ ಆರೈಕೆ ಎಲ್ಲವೂ ಅದರಲ್ಲಿವೆ. ಅದರೊಳಗೆ ಪಾದದ ಮುಂಭಾಗದಲ್ಲಿ, ಬೆರಳುಗಳ ಬುಡದ ನರದಿಂದ ಹುಟ್ಟುವ ಒಂದು ವಿಚಿತ್ರ ನೋವಿನ ವಿವರಣೆ ಬರುತ್ತದೆ. ಮೂವತ್ತೊಂದು ವರ್ಷಗಳ ನಂತರ, 1876ರಲ್ಲಿ, ಫಿಲಡೆಲ್ಫಿಯಾದ ಶಸ್ತ್ರವೈದ್ಯ ಥಾಮಸ್ ಮಾರ್ಟನ್ ಇದೇ ಬಗೆಯ ನೋವಿನ ಬಗ್ಗೆ ಬರೆದ. ಇವತ್ತು ವೈದ್ಯಕೀಯ ಪಠ್ಯಗಳಲ್ಲಿ ಅದರ ಹೆಸರು 'ಮಾರ್ಟನ್ಸ್ ನ್ಯುರೋಮ'. ಡರ್ಲಾಕರನ ಹೆಸರು ಚರಿತ್ರೆ ಬರೆಯುವವರ ಟಿಪ್ಪಣಿಗಳಲ್ಲಿ ಮಾತ್ರ ಇದೆ. ಮಾರ್ಟನ್ ಕದ್ದ ಎಂದು ನಾನು ಹೇಳುತ್ತಿಲ್ಲ. ಶಸ್ತ್ರವೈದ್ಯನ ಮಾತು ವೈದ್ಯರ ಪತ್ರಿಕೆಯಲ್ಲಿ ಬರುತ್ತದೆ, ವೈದ್ಯರು ಓದುತ್ತಾರೆ. ಆಣಿ ತೆಗೆಯುವವನ ಪುಸ್ತಕವನ್ನು ಅವರು ಯಾಕೆ ತೆರೆದು ನೋಡಿಯಾರು? ಅವನು ಮೂವರು ದೊರೆಗಳ ಪಾದ ನೋಡಿದ್ದರೂ ಅಷ್ಟೇ.

ಅಮೆರಿಕದ ಇಸಾಕರ್ ಜಕರಿಯ ಕಥೆ ಇನ್ನೂ ಮೋಜಿನದು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಯಹೂದಿ ಕಿರೊಪೊಡಿಸ್ಟ್ 1862ರ ಸೆಪ್ಟೆಂಬರಿನಲ್ಲಿ ಅಬ್ರಹಾಂ ಲಿಂಕನ್ನನ ಕಾಲಿಗೆ ಚಿಕಿತ್ಸೆ ಮಾಡಿದ. ನೋವು ಕಡಿಮೆಯಾಯಿತೆಂದು ಲಿಂಕನ್ ಕೈಬರಹದಲ್ಲೇ ಪ್ರಮಾಣಪತ್ರ ಬರೆದುಕೊಟ್ಟ. ಮುಂದಿನ ವರ್ಷ ಅಂತರ್ಯುದ್ಧದ ನಡುವೆ ಅವನನ್ನೇ ದಕ್ಷಿಣಕ್ಕೆ ಗುಟ್ಟಿನ ಕೆಲಸಗಳಿಗೆ ಕಳಿಸಿದ. ಅವನು ಶತ್ರುರಾಜಧಾನಿ ರಿಚ್ಮಂಡಿಗೆ ಹೋಗಿ ದಕ್ಷಿಣದ ಮಂತ್ರಿಗಳ ಜೊತೆ ಸಂಧಾನದ ಮಾತಾಡಿ ಬಂದ. ಪತ್ರಿಕೆಗಳಿಗೆ ಇದು ನಗುವ ವಿಷಯವಾಯಿತು: ದೇಶದ ಸಂಧಾನ ಆಣಿ ಕತ್ತರಿಸುವವನ ಕೈಯಲ್ಲಿ! ಯುದ್ಧ ಮುಗಿದ ಮೇಲೆ, ಸಾವಿರಾರು ಸೈನಿಕರ ಕಾಲು ನೋಡಿದ್ದಕ್ಕೆ ಹಣ ಕೊಡಿ ಎಂದು ಸರ್ಕಾರವನ್ನು ಕೇಳಿದ. ಸಿಗಲಿಲ್ಲ. ಇಂಗ್ಲೆಂಡಿಗೆ ಮರಳಿದ, 1900ರಲ್ಲಿ ಅಲ್ಲೇ ತೀರಿಕೊಂಡ.

ಪುಸ್ತಕ ಬರೆದರೂ ಆಗಲಿಲ್ಲ, ಅಧ್ಯಕ್ಷರ ಕಾಲು ಹಿಡಿದರೂ ಆಗಲಿಲ್ಲ. ಈ ಕಸುಬಿಗೆ ಮರ್ಯಾದೆ ತಂದದ್ದು ಪರೀಕ್ಷೆ ಮತ್ತು ಶಾಲೆ. 1895ರಲ್ಲಿ ನ್ಯೂಯಾರ್ಕಿನ ಕಿರೊಪೊಡಿಸ್ಟರು ಸಂಘ ಕಟ್ಟಿಕೊಂಡರು, 1911ರಲ್ಲಿ ಅಲ್ಲೇ ಶಾಲೆ ತೆರೆಯಿತು. ಅದನ್ನು ಮುನ್ನಡೆಸಿದ ಮಾರಿಸ್ ಲೂಯಿ ಸ್ವತಃ ವೈದ್ಯ. ಪೊಡಿಯಾಟ್ರಿ ಎಂಬ ಮಾತನ್ನು ಟಂಕಿಸಿದವನೂ ಅವನೇ ಎನ್ನುತ್ತಾರೆ. ಗ್ರೀಕ್ ಅಂಗಿ ಮತ್ತೆ ಬದಲಾಯಿತು. ಈ ಸಲ ಹೆಸರಿನ ಬಾಲದಲ್ಲಿ ವೈದ್ಯನೇ ಕೂತಿದ್ದ. ಇವತ್ತು ಅಮೆರಿಕದಲ್ಲಿ ಪದವಿಯ ನಂತರ ನಾಲ್ಕು ವರ್ಷ ಕಾಲೇಜು, ಮೂರು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಅಲ್ಲಿ ಪೊಡಿಯಾಟ್ರಿಸ್ಟರು ಪಾದದ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ.

ಶಾಲೆ ಬಾಗಿಲು ತೆರೆದಾಗ ಇನ್ನೊಂದು ಬಾಗಿಲು ಮುಚ್ಚುತ್ತದೆ. ಅಪ್ಪನ ಮೊಣಕಾಲ ಬಳಿ ಕೂತು ಕಲಿತವನು ಏನಾಗಬೇಕು? ಬ್ರಿಟನ್ನಿನಲ್ಲಿ 1960ರ ಕಾಯಿದೆ ಸರ್ಕಾರಿ ನೋಂದಣಿ ತಂದಿತಾದರೂ ನೋಂದಣಿ ಇಲ್ಲದವರು ಕಿರೊಪೊಡಿಸ್ಟ್ ಎಂಬ ಫಲಕ ಹಾಕಿಕೊಂಡೇ ಇದ್ದರು. ಕೊನೆಗೆ ಹೆಸರಿಗೆ ಬೀಗ ಹಾಕುವಾಗ, 2003ರಿಂದ 2005ರವರೆಗೆ ಎರಡು ವರ್ಷದ ಅವಕಾಶ ಕೊಟ್ಟರು. ಅಗತ್ಯ ಪದವಿ ಇಲ್ಲದಿದ್ದರೂ ಇಷ್ಟು ವರ್ಷ ಸುರಕ್ಷಿತವಾಗಿ ಕೆಲಸ ಮಾಡಿದ್ದೇನೆಂದು ತೋರಿಸಿದವರು ನೋಂದಣಿಯೊಳಗೆ ಬರಬಹುದಿತ್ತು. ಆ ವ್ಯವಸ್ಥೆಗೆ ಅವರಿಟ್ಟ ಹೆಸರು 'ಗ್ರ್ಯಾಂಡ್‌ಪೇರೆಂಟಿಂಗ್'. ಅಜ್ಜ-ಅಜ್ಜಿಯರ ದಾರಿ ಅನ್ನೋಣ. ಗ್ರಂಥಾಲಯದಲ್ಲಿ ಇದನ್ನು ಓದಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದವರು ತಿರುಗಿ ನೋಡಿದರು. ಆ ಎರಡು ವರ್ಷಗಳಲ್ಲಿ ನನ್ನ ಅಜ್ಜ ಬದುಕಿದ್ದ, ಆಣಿಯನ್ನೂ ತೆಗೆಯುತ್ತಿದ್ದ.

ನಮ್ಮಲ್ಲಿ ಅಂಥ ದಾರಿಯ ಮಾತು ಏಳಲೇ ಇಲ್ಲ. ಆ ಕೆಲಸ ಜಾತಿಗೆ ಅಂಟಿಕೊಂಡಿತ್ತು. ಅದರಿಂದ ಪಾರಾಗುವುದೇ ಮುಂದೆ ಹೋಗುವುದು ಎಂದು ಎಲ್ಲರೂ ತಿಳಿದಿದ್ದೆವು. ಅಪ್ಪ ಮಾಸ್ತರನಾದ, ನಾನು ಸಂಶೋಧಕನಾದೆ. ಹಡಪ ಅಟ್ಟ ಸೇರಿತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಹೋದ ವರ್ಷ ಎಡಗಾಲ ಅಂಗಾಲಿನಲ್ಲಿ ಚರ್ಮ ದಡ್ಡುಗಟ್ಟಿತು. ಬೆಂಗಳೂರಿನ ಒಂದು ಆಸ್ಪತ್ರೆಯ ಪಾದ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ವಯಸ್ಸಿನದೇ ಒಬ್ಬ ಹುಡುಗಿ ಇದ್ದಳು. ಫಿಸಿಯೋಥೆರಪಿ ಓದಿ, ಆಮೇಲೆ ಪಾದದ ಆರೈಕೆಯ ತರಬೇತಿ ಪಡೆದವಳು. ಅಪ್ಪನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ತಾನು ಕೆಳಗಿನ ಸ್ಟೂಲಿನಲ್ಲಿ ಕೂತು, ಸಣ್ಣ ಬ್ಲೇಡಿನಿಂದ ದಡ್ಡನ್ನು ಪದರು ಪದರಾಗಿ ಕೆತ್ತಿದಳು. ರಕ್ತ ಕಾಣಲಿಲ್ಲ. ಅಪ್ಪ ನನ್ನತ್ತ ನೋಡಿದ, ನಾನೂ ನೋಡಿದೆ.

"ಈ ಕೆಲಸಕ್ಕ ಮನ್ಯಾಗ ಒಪ್ಪಿದ್ರೇನವಾ?" ಎಂದು ಅಪ್ಪ ಕೇಳಿದ.

"ಮೊದಲು ಒಪ್ಪಲಿಲ್ಲ ಅಂಕಲ್. ಓದಿಸಿದ್ದು ಊರವರ ಕಾಲು ಹಿಡಿಯೋಕಾ ಅಂತ ಅಮ್ಮ ಅತ್ತಿದ್ರು. ಈಗ ಅವರ ಕಾಲನ್ನೂ ನಾನೇ ನೋಡ್ತೀನಿ" ಎಂದಳು.

ಆಮೇಲೆ ಒಂದು ಹಿಡಿಗೆ ಸಿಕ್ಕಿಸಿದ ನೈಲಾನ್ ಎಳೆ ತೆಗೆದಳು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಅದು ಮುಟ್ಟಿದ್ದು ಗೊತ್ತಾಗದಿದ್ದರೆ ಚಪ್ಪಲಿ ಕಚ್ಚಿದ್ದೂ, ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಹುಣ್ಣಾಗಿ ಕಾಲು ಕತ್ತರಿಸುವವರೆಗೆ ಹೋಗುವುದು ಹಾಗೆಯೇ. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ಗೊತ್ತಾದಾಗ ಹೇಳಿ ಎಂದಳು. ಬಲಗಾಲಿನಲ್ಲಿ ಪ್ರತಿ ಸಲವೂ ಅಪ್ಪ "ಹ್ಞೂಂ" ಅಂದ. ಎಡಗಾಲಿನಲ್ಲಿ ಎರಡು ಸಲ ಅಂದ. ಆಮೇಲೆ ಎಳೆ ಮೂರು ಕಡೆ ಬಾಗಿದ್ದನ್ನು ನಾನು ಕಂಡೆ. ಅಪ್ಪ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ.